ಬಂಡೆ, ಟೋಪಿ, ಗರಿ, ಟರ್ಕಿ ಕೋಳಿ: ಅಮೆರಿಕದ ಮೊದಲ ವಲಸಿಗರ ಬಗ್ಗೆ ಮಕ್ಕಳಿಗೆ ಹೇಳುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಿಗೆ ಮಕ್ಕಳ ಶಾಲೆ ಚೀಲದಲ್ಲಿ ಕಾಗದದ ಟರ್ಕಿ ಕೋಳಿ, ಕಪ್ಪು ಟೋಪಿ, ಬಣ್ಣದ ಗರಿ ಎಲ್ಲ ಬರುತ್ತವೆ. ಜೊತೆಗೆ ಪ್ರಶ್ನೆಗಳೂ ಬರುತ್ತವೆ. ನಮ್ಮಲ್ಲಿ ಹೆಚ್ಚಿನವರು ಊರಲ್ಲಿ ಓದುವಾಗ ಈ ಇತಿಹಾಸ ಒಂದೆರಡು ಸಾಲಿನಲ್ಲೇ ಮುಗಿದಿತ್ತು. ಹಾಗಾಗಿ ಉತ್ತರ ಕೊಡಲು ತಡವರಿಸುತ್ತೇವೆ. ಅಪ್ಪ ಅಮ್ಮಂದಿರು, ವಾರಾಂತ್ಯದ ಕನ್ನಡ ತರಗತಿಯ ಶಿಕ್ಷಕರು, ಊರಿಂದ ಬಂದ ಅಜ್ಜ ಅಜ್ಜಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಆ ಕಾಗದದ ಟೋಪಿಯನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳಬೇಕಿಲ್ಲ. "ಈ ಚಿತ್ರ ಯಾವಾಗ ಹುಟ್ಟಿತು? ಯಾರು ಮಾಡಿದರು?" ಎಂದು ಕೇಳುವುದನ್ನು ಕಲಿಸಿ. 1620ರ ಬಗ್ಗೆ ನಾವು ನೋಡುವ ಚಿತ್ರಗಳಲ್ಲಿ ಬಹುಪಾಲು ಇನ್ನೂರು ವರ್ಷ ಕಳೆದ ಮೇಲೆ ಬಂದವು.

ಕಥೆಯನ್ನು ಯಾವ ಇಸವಿಯಿಂದ ಶುರು ಮಾಡಬೇಕು?

1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಿಂದ ಮಾತ್ರ ಶುರು ಮಾಡಬೇಡಿ. ಹಾಗೆ ಮಾಡಿದರೆ ಖಾಲಿ ಕಾಡಿಗೆ ಜನ ಬಂದಿಳಿದರು ಎಂಬ ಕಲ್ಪನೆ ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಕಷ್ಟ.

ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಜನ ಬದುಕಿದ್ದರು. ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರು ಎದ್ದ ಜಾಗದಲ್ಲೇ ವಾಂಪನೋಗ್ ಎಂಬ ಮೂಲನಿವಾಸಿ ಜನರ ಪಟಕ್ಸೆಟ್ ಹಳ್ಳಿ ಇತ್ತು. ಮನೆಗಳಿದ್ದವು, ಮುಸುಕಿನ ಜೋಳದ ಹೊಲಗಳಿದ್ದವು. 1616 ಮತ್ತು 1619ರ ನಡುವೆ ಯುರೋಪಿನ ಹಡಗುಗಳ ಜೊತೆ ಬಂದ ರೋಗ ಆ ಕರಾವಳಿಯಲ್ಲಿ ಹಳ್ಳಿಗೆ ಹಳ್ಳಿಯನ್ನೇ ಬರಿದು ಮಾಡಿತು. ಪಟಕ್ಸೆಟ್‌ನಲ್ಲಿ ಯಾರೂ ಉಳಿಯಲಿಲ್ಲ. 1620ರಲ್ಲಿ ಬಂದವರಿಗೆ ಮರ ಕಡಿದು ನೆಲ ಹದ ಮಾಡುವ ಕೆಲಸ ಅಷ್ಟಾಗಿ ಬೀಳಲಿಲ್ಲ. ಸತ್ತುಹೋದವರ ಹೊಲ ಅಲ್ಲಿ ಸಿದ್ಧವಿತ್ತು. ಇದನ್ನು ಹೇಳದೆ ಮುಂದಿನ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಯುರೋಪಿನವರಲ್ಲೂ ಮೇಫ್ಲವರ್‌ನವರು ಮೊದಲಿಗರಲ್ಲ. ಸ್ಪೇನಿನವರು 1565ರಲ್ಲೇ ಫ್ಲಾರಿಡಾದಲ್ಲಿ ಸೇಂಟ್ ಆಗಸ್ಟೀನ್ ಊರು ಕಟ್ಟಿದ್ದರು. ಇಂಗ್ಲಿಷರು 1587ರಲ್ಲಿ ಈಗಿನ ನಾರ್ತ್ ಕ್ಯಾರೊಲೈನಾದ ರೊವನೋಕ್ ದ್ವೀಪದಲ್ಲಿ ನೆಲೆಸಲು ನೋಡಿದರು. ಅಲ್ಲಿನ ಮುಖ್ಯಸ್ಥ ಜಾನ್ ವೈಟ್ ಸಾಮಾನು ತರಲು ಇಂಗ್ಲೆಂಡಿಗೆ ಹೋದವನು 1590ರಲ್ಲಿ ಮರಳಿದಾಗ ಊರಲ್ಲಿ ಯಾರೂ ಇರಲಿಲ್ಲ. ಒಂದು ಕಂಬದ ಮೇಲೆ "ಕ್ರೊಯಟೋವನ್" ಎಂದು ಕೆತ್ತಿತ್ತು. ಅದು ಹತ್ತಿರದ ದ್ವೀಪದ ಹೆಸರು, ಅಲ್ಲಿನ ಜನರ ಹೆಸರು ಕೂಡ. ಮಕ್ಕಳು ಈ ಕಥೆಯನ್ನು ಬಾಯಿಬಿಟ್ಟು ಕೇಳುತ್ತಾರೆ. ಭೂತದ ಕಥೆ ಮಾಡಬೇಡಿ. "ಅವರು ಎಲ್ಲಿಗೆ ಹೋಗಿರಬಹುದು, ಯಾರ ಸಹಾಯ ಕೇಳಿರಬಹುದು?" ಎಂದು ಕೇಳಿ.

ಜೇಮ್ಸ್‌ಟೌನ್ ಮತ್ತು ಪ್ಲಿಮತ್ ಎರಡೂ ಒಂದೇ ಅಲ್ವಾ?

ಅಲ್ಲ. ದೊಡ್ಡವರೂ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಜೇಮ್ಸ್‌ಟೌನ್ ಇರುವುದು ವರ್ಜೀನಿಯಾದಲ್ಲಿ. 1607ರಲ್ಲಿ ಮೂರು ಹಡಗುಗಳಲ್ಲಿ ನೂರಕ್ಕೆ ಸ್ವಲ್ಪ ಜಾಸ್ತಿ ಗಂಡಸರು, ಹುಡುಗರು ಬಂದರು. ಹೆಂಗಸರು ಯಾರೂ ಇರಲಿಲ್ಲ. ಅವರನ್ನು ಕಳಿಸಿದ್ದು ವರ್ಜೀನಿಯಾ ಕಂಪನಿ ಎಂಬ ವ್ಯಾಪಾರಿ ಸಂಸ್ಥೆ. ಚಿನ್ನ ಸಿಗುತ್ತದೆ, ಲಾಭ ಬರುತ್ತದೆ ಎಂಬ ಆಸೆ. ಚಿನ್ನ ಸಿಗಲಿಲ್ಲ. 1609-10ರ ಚಳಿಗಾಲದಲ್ಲಿ ಅಲ್ಲಿದ್ದ ನೂರಾರು ಜನರಲ್ಲಿ ಬದುಕುಳಿದವರು ಸುಮಾರು 60. ಊರನ್ನು ಕೊನೆಗೆ ಉಳಿಸಿದ್ದು ಹೊಗೆಸೊಪ್ಪು. ಜಾನ್ ರಾಲ್ಫ್ ಎಂಬವನು ಬೆಳೆದ ಹೊಗೆಸೊಪ್ಪಿಗೆ ಇಂಗ್ಲೆಂಡಿನಲ್ಲಿ ಒಳ್ಳೆ ಬೆಲೆ ಬಂತು. ಅದನ್ನು ಬೆಳೆಯಲು ಇನ್ನಷ್ಟು ನೆಲ ಬೇಕಾಯಿತು, ಇನ್ನಷ್ಟು ಕೈಗಳು ಬೇಕಾದವು. ಮುಂದಿನ ಎಷ್ಟೋ ದುಃಖದ ಬೇರು ಇಲ್ಲಿದೆ.

ಪ್ಲಿಮತ್‌ಗೆ 1620ರಲ್ಲಿ ಬಂದವರು ಕುಟುಂಬ ಸಮೇತ ಬಂದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಇಂಗ್ಲೆಂಡಿನ ರಾಜನ ಚರ್ಚು ಬೇಡವೆಂದು ಹಾಲೆಂಡಿನ ಲೈಡನ್ ಊರಿಗೆ ಹೋಗಿ ನೆಲೆಸಿದ್ದವರು. ಉಳಿದವರು ಕೆಲಸ, ಜಮೀನು, ಹೊಸ ಬದುಕು ಹುಡುಕಿ ಬಂದವರು. ಇವರಿಗೂ ಸಾಲ ಕೊಟ್ಟ ವ್ಯಾಪಾರಿಗಳಿದ್ದರು ಎಂಬುದನ್ನು ಮರೆಯಬೇಡಿ.

ಜೇಮ್ಸ್‌ಟೌನ್ ಬಗ್ಗೆ ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ವಿಷಯ ಇದೆ. ಅಲ್ಲಿನ ಮೂರು ಮೂಲೆಯ ಕೋಟೆ ನದಿಯಲ್ಲಿ ಕೊಚ್ಚಿಹೋಗಿದೆ ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. 1994ರಲ್ಲಿ ವಿಲಿಯಂ ಕೆಲ್ಸೊ ಎಂಬ ಪುರಾತತ್ವ ತಜ್ಞರು ಅಗೆಯಲು ಶುರು ಮಾಡಿದರು. ಕೊಳೆತುಹೋದ ಮರದ ಗೂಟಗಳು ಮಣ್ಣಲ್ಲಿ ಬಿಟ್ಟ ಕಪ್ಪು ಕಲೆಗಳ ಸಾಲು ಸಿಕ್ಕಿತು. ಮಣ್ಣಿನ ಬಣ್ಣ ನೋಡಿಯೇ ಕೋಟೆಯ ಗೋಡೆ ಗುರುತಿಸಿದರು. ಪುಸ್ತಕದಲ್ಲಿ ಬರೆದದ್ದನ್ನೂ ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಪಿಲ್ಗ್ರಿಮರು ಮತ್ತು ಪ್ಯೂರಿಟನ್ನರು?

ಪಿಲ್ಗ್ರಿಮರು ಎಂದರೆ ಪ್ಲಿಮತ್‌ಗೆ ಬಂದವರು. ಅವರಲ್ಲಿ ಲೈಡನ್ ಕಡೆಯವರು ಇಂಗ್ಲೆಂಡಿನ ಚರ್ಚನ್ನು ಬಿಟ್ಟೇ ಹೊರಬಂದವರು. ಪ್ಯೂರಿಟನ್ನರು ಅದೇ ಚರ್ಚನ್ನು ಒಳಗಿಂದ ಸರಿಮಾಡಬೇಕು ಎಂದವರು. ಇವರು 1630ರಲ್ಲಿ ಜಾನ್ ವಿಂತ್ರಾಪ್ ಜೊತೆ ದೊಡ್ಡ ಸಂಖ್ಯೆಯಲ್ಲಿ ಬಂದು ಬಾಸ್ಟನ್ ಕಟ್ಟಿದರು. ಚಿಕ್ಕ ಮಕ್ಕಳಿಗೆ ಈ ವ್ಯತ್ಯಾಸ ಬೇಕಾಗಿಲ್ಲ.

ಮೇಫ್ಲವರ್ ಹಡಗನ್ನು ಬರೀ ಕಾಗದದ ದೋಣಿ ಮಾಡಿಸಿ ಬಿಡುವುದಕ್ಕಿಂತ ಬೇರೆ ಏನು ಮಾಡಿಸಬಹುದು?

ಮನೆ ಮುಂದಿನ ಜಾಗದಲ್ಲೋ ಪಾರ್ಕಿನಲ್ಲೋ ಹಗ್ಗ ಹಿಡಿದು ಅಳತೆ ಹಾಕಿಸಿ. ಹಡಗಿನ ಉದ್ದ ಸುಮಾರು 100 ಅಡಿ, ಅಗಲ ಸುಮಾರು 25 ಅಡಿ ಎಂಬುದು ತಜ್ಞರ ಅಂದಾಜು. ಅದರೊಳಗೆ 102 ಪ್ರಯಾಣಿಕರು, ಮೇಲೆ ನಾವಿಕರು, ಸಾಮಾನು, ಪ್ರಾಣಿಗಳು. 66 ದಿನ. ಜನ ಮಲಗುತ್ತಿದ್ದ ಅಂತಸ್ತಿನಲ್ಲಿ ಎತ್ತರದ ಗಂಡಸರು ತಲೆ ಬಗ್ಗಿಸಿಯೇ ನಡೆಯಬೇಕಿತ್ತು. ದಾರಿಯಲ್ಲೇ ಒಂದು ಮಗು ಹುಟ್ಟಿತು. ಅದಕ್ಕೆ ಓಶಿಯಾನಸ್ ಎಂದು ಹೆಸರಿಟ್ಟರು. ಜೊತೆಗೆ ಹೊರಟಿದ್ದ ಸ್ಪೀಡ್‌ವೆಲ್ ಎಂಬ ಇನ್ನೊಂದು ಹಡಗು ಸೋರಿದ್ದರಿಂದ ಹಿಂದೆ ಉಳಿಯಿತು. ಇಷ್ಟೆಲ್ಲ ಹೇಳಿದ ಮೇಲೆ ಕಾಗದದ ದೋಣಿ ಮಾಡಿಸಿ. ಆಗ ಅದಕ್ಕೊಂದು ತೂಕ ಬರುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಎರಡು ವಿಷಯ ಸೇರಿಸಿ. ಒಂದು, ಹಡಗಿನಲ್ಲೇ ಬರೆದ ಒಪ್ಪಂದ. ನಮಗೆ ನಾವೇ ಕಾನೂನು ಮಾಡಿಕೊಂಡು ಅದರಂತೆ ನಡೆಯುತ್ತೇವೆ ಎಂದು 41 ಗಂಡಸರು ಸಹಿ ಹಾಕಿದರು. ಹೆಂಗಸರ ಸಹಿ ಒಂದೂ ಇಲ್ಲ. ಎರಡು, ಜೋಳದ ವಿಷಯ. ಅವರು ಮೊದಲು ಕಾಲಿಟ್ಟಿದ್ದು ಕೇಪ್ ಕಾಡ್ ತುದಿಯಲ್ಲಿ. ಅಲ್ಲಿ ಮೂಲನಿವಾಸಿಗಳು ಹೂತಿಟ್ಟಿದ್ದ ಜೋಳವನ್ನು ಅಗೆದು ತೆಗೆದುಕೊಂಡರು. ಮುಂದೆ ಅದರ ಬೆಲೆ ತೀರಿಸಿದರು. "ಹೊಟ್ಟೆ ಹಸಿದಿದೆ, ಯಾರೂ ಕಾಣುತ್ತಿಲ್ಲ, ಜೋಳ ಇದೆ. ನೀನಾಗಿದ್ದರೆ?" ಎಂದು ಕೇಳಿ ನೋಡಿ. ಮಕ್ಕಳು ತುಂಬ ಹೊತ್ತು ವಾದ ಮಾಡುತ್ತಾರೆ. ಹೂತಿಟ್ಟವರ ಕಡೆಯಿಂದಲೂ ಒಮ್ಮೆ ಮಾತಾಡಿಸಿ.

ಪ್ಲಿಮತ್ ಬಂಡೆಯ ಮೇಲೆ ಅವರು ನಿಜವಾಗಿ ಕಾಲಿಟ್ಟರಾ?

ಈ ಒಂದು ಪ್ರಶ್ನೆಗೆ ಇಡೀ ಸಂಜೆ ಮೀಸಲಿಡಬಹುದು.

ಹಡಗಿನಲ್ಲಿ ಬಂದವರೇ ಬರೆದ ವಿವರಗಳು ನಮಗೆ ಸಿಕ್ಕಿವೆ. ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿದ್ದಾರೆ, ಎಡ್ವರ್ಡ್ ವಿನ್ಸ್ಲೋ ಬರೆದಿದ್ದಾರೆ. ಇಬ್ಬರ ಬರಹದಲ್ಲೂ ಬಂಡೆಯ ಮಾತಿಲ್ಲ. ಬಂಡೆ ಮೊದಲ ಸಲ ಕಥೆಯೊಳಗೆ ಬರುವುದು 1741ರಲ್ಲಿ, ಅಂದರೆ 121 ವರ್ಷದ ನಂತರ. ಆ ಜಾಗದಲ್ಲಿ ಹಡಗುಕಟ್ಟೆ ಕಟ್ಟಲು ಹೊರಟಾಗ ಥಾಮಸ್ ಫಾನ್ಸ್ ಎಂಬ 94 ವರ್ಷದ ಹಿರಿಯರನ್ನು ಕುರ್ಚಿಯಲ್ಲಿ ಹೊತ್ತು ತಂದರು. "ಹಿರಿಯರು ಇಳಿದದ್ದು ಇದೇ ಬಂಡೆಯ ಮೇಲೆ, ನಮ್ಮ ತಂದೆ ಹೇಳಿದ್ದರು" ಎಂಬುದು ಅವರ ಮಾತಿನ ಸಾರ. ಅವರ ತಂದೆಯೂ ಮೇಫ್ಲವರ್‌ನಲ್ಲಿ ಬಂದವರಲ್ಲ, ಕೆಲವು ವರ್ಷ ಬಿಟ್ಟು ಬಂದವರು.

ಆಮೇಲೆ ಬಂಡೆಯ ಸ್ವಂತ ಕಥೆ ಶುರುವಾಗುತ್ತದೆ. 1774ರಲ್ಲಿ, ಬ್ರಿಟಿಷರ ವಿರುದ್ಧ ಊರು ಕುದಿಯುತ್ತಿದ್ದಾಗ, ಎತ್ತುಗಳನ್ನು ಕಟ್ಟಿ ಬಂಡೆ ಎಳೆಯಲು ಹೋದರು. ಅದು ಎರಡು ಹೋಳಾಯಿತು. ಮೇಲಿನ ಹೋಳನ್ನು ಊರ ಚೌಕಕ್ಕೆ ಒಯ್ದರು, ಕೆಳಗಿನದು ಅಲ್ಲೇ ಉಳಿಯಿತು. ಜನ ನೆನಪಿಗೆಂದು ಚೂರು ಒಡೆದುಕೊಂಡು ಹೋದರು. 1880ರಲ್ಲಿ ಎರಡನ್ನೂ ಸಿಮೆಂಟಿನಿಂದ ಸೇರಿಸಿ ಮತ್ತೆ ಸಮುದ್ರದ ಪಕ್ಕ ಕೂರಿಸಿದರು. ಅದರ ಮೇಲಿರುವ "1620" ಎಂಬ ಅಂಕಿ ಕೆತ್ತಿದ್ದು ಕೂಡ ಆಗಲೇ.

ಹಾಗಾದರೆ ಬಂಡೆ ಸುಳ್ಳಾ? ಮಕ್ಕಳು ಹೀಗೆಯೇ ಕೇಳುತ್ತಾರೆ. ಬಂಡೆ ಸುಳ್ಳಲ್ಲ, ಅದು ಬೇರೆ ಕಾಲದ ಸಾಕ್ಷಿ ಎಂದು ಹೇಳಿ. 1620ರ ಬಗ್ಗೆ ಅದು ಹೇಳುವುದು ಕಡಿಮೆ. 1774ರ ಜನರಿಗೆ ಸ್ವಂತ ದೇಶದ ಶುರುವಾತು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಏನೋ ಒಂದು ಬೇಕಿತ್ತು ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಹತ್ತು ವರ್ಷದ ಮಗುವಿಗೆ ಇದು ಖಂಡಿತ ಅರ್ಥವಾಗುತ್ತದೆ. ನೋಡಲು ಹೋಗುವ ಮುಂಚೆ ಬಂಡೆ ತುಂಬ ಚಿಕ್ಕದು ಎಂದು ಮಾತ್ರ ಹೇಳಿಡಿ. ಗ್ರಾನೈಟ್ ಮಂಟಪದ ಕೆಳಗೆ ತಗ್ಗಿನಲ್ಲಿ ಮರಳ ಮೇಲೆ ಕೂತಿರುತ್ತದೆ.

ಕಪ್ಪು ಬಟ್ಟೆ, ಬೆಳ್ಳಿ ಬಕಲ್ ಇರುವ ಟೋಪಿ?

ಬಕಲ್ ತೆಗೆದುಬಿಡಿ. ಅದನ್ನು ಸೇರಿಸಿದ್ದು 19ನೇ ಶತಮಾನದ ಚಿತ್ರಕಾರರು. ಟೋಪಿ ಇತ್ತು, ಬಕಲ್ ಇರಲಿಲ್ಲ. ಬಟ್ಟೆಯೂ ಬರೀ ಕಪ್ಪಲ್ಲ. ಸತ್ತವರ ಆಸ್ತಿಪಟ್ಟಿಗಳಲ್ಲಿ ಕೆಂಪು, ಹಸಿರು, ನೇರಳೆ ಬಣ್ಣದ ಬಟ್ಟೆಗಳ ಉಲ್ಲೇಖವಿದೆ. ಗಾಢ ಕಪ್ಪು ಬಣ್ಣ ಹಾಕಿಸುವುದು ಆಗ ದುಬಾರಿ. ಮಗುವಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಪೂರ್ತಿ ಕೊಟ್ಟು ಇಷ್ಟ ಬಂದ ಬಣ್ಣ ಹಚ್ಚು ಎನ್ನಿ.

ಮರದ ದಿಮ್ಮಿಯ ಮನೆ ಮಾಡಿಸಬಹುದಾ?

ಪ್ಲಿಮತ್‌ಗೆ ಬೇಡ. ದಿಮ್ಮಿ ಜೋಡಿಸಿ ಮನೆ ಕಟ್ಟುವ ಪದ್ಧತಿಯನ್ನು ತಂದವರು 1638ರಲ್ಲಿ ಡೆಲವೇರ್ ನದಿಯ ಬಳಿ ನೆಲೆಸಿದ ಸ್ವೀಡನ್, ಫಿನ್ಲೆಂಡ್ ಕಡೆಯವರು. ಪ್ಲಿಮತ್‌ನವರು ಮರದ ಚೌಕಟ್ಟು ನಿಲ್ಲಿಸಿ, ಹಲಗೆ ಹೊಡೆದು, ಮೇಲೆ ಹುಲ್ಲು ಹೊದಿಸುತ್ತಿದ್ದರು.

ಶಾಲೆಯಲ್ಲಿ ಕಾಗದದ ಗರಿಯ ಕಿರೀಟ ಮಾಡಿಸುತ್ತಾರಂತೆ. ಮಗುವನ್ನು ಕಳಿಸಬೇಕಾ, ಬೇಡವಾ?

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಈಗ ಎಷ್ಟೋ ಶಾಲೆಗಳು ಇದನ್ನು ನಿಲ್ಲಿಸಿವೆ. ಕೆಲವು ಕಡೆ ಇನ್ನೂ ಇದೆ.

ತೊಂದರೆ ಏನೆಂದು ಮೊದಲು ನೋಡೋಣ. ದೊಡ್ಡ ಗರಿಯ ಕಿರೀಟ ಮತ್ತು ಶಂಕುವಿನ ಆಕಾರದ ಟೀಪಿ ಗುಡಾರ ಎರಡೂ ಖಂಡದ ನಡುವಿನ ಬಯಲು ಸೀಮೆಯ ಜನರವು. ವಾಂಪನೋಗ್ ಜನ ಇದ್ದದ್ದು ಪೂರ್ವ ಕರಾವಳಿಯ ಕಾಡಿನಲ್ಲಿ. ಅವರ ಮನೆಗೆ ವೇಟು ಎನ್ನುತ್ತಾರೆ. ಎಳೆ ಮರಗಳನ್ನು ಬಗ್ಗಿಸಿ ಗುಮ್ಮಟದ ಹಾಗೆ ಕಟ್ಟಿ ಮೇಲೆ ತೊಗಟೆ ಅಥವಾ ಜೊಂಡಿನ ಚಾಪೆ ಹೊದಿಸುತ್ತಿದ್ದರು. ಕೊಡವರ ಬಗ್ಗೆ ಪಾಠ ಮಾಡುತ್ತಾ ಮಕ್ಕಳಿಗೆ ರಾಜಸ್ಥಾನದ ಪೇಟ ತೊಡಿಸಿದರೆ ನಮಗೆ ಹೇಗನಿಸುತ್ತದೆ? ಅದರ ಮೇಲೆ ಇನ್ನೊಂದು ವಿಷಯ. ಆ ಕಿರೀಟ ಬಯಲು ಸೀಮೆಯವರಲ್ಲೂ ಎಲ್ಲರೂ ಹಾಕುವಂಥದ್ದಲ್ಲ. ಗೌರವದಿಂದ ಗಳಿಸಿಕೊಳ್ಳುವಂಥದ್ದು. ಆಟದ ವಸ್ತುವಾದರೆ ಅವರಿಗೆ ನೋವಾಗುತ್ತದೆ.

ಶಿಕ್ಷಕರ ಜೊತೆ ಜಗಳ ಬೇಡ. ಮಗುವಿಗೆ ಕಲಿಸುತ್ತಿರುವುದಕ್ಕೆ ಮೊದಲು ಧನ್ಯವಾದ ಹೇಳಿ. ಕಿರೀಟದ ಬದಲು ವೇಟು ಮನೆಯ ಮಾದರಿ ಮಾಡಿಸಬಹುದಾ ಎಂದು ಕೇಳಿ. ಕಡ್ಡಿ, ದಾರ, ಕಂದು ಕಾಗದ ಇದ್ದರೆ ಆಯಿತು. ಬೇಕಾದ ಸಾಮಾನು ನಾನೇ ತಂದುಕೊಡುತ್ತೇನೆ ಎನ್ನಿ. ಸುಮ್ನೆ ಬೇಡ ಎನ್ನುವುದಕ್ಕಿಂತ ಕೈಯಲ್ಲಿ ಇನ್ನೊಂದು ಯೋಜನೆ ಹಿಡಿದು ಹೋದರೆ ಕೇಳುವವರಿಗೂ ಸುಲಭ.

ಮಗು ಈಗಾಗಲೇ ಕಿರೀಟ ಮಾಡಿ ಖುಷಿಯಿಂದ ಮನೆಗೆ ತಂದಿದ್ದರೆ ಹರಿದು ಹಾಕಬೇಡಿ. ಬೈಯಲೂ ಬೇಡಿ. "ಇದು ಯಾವ ಊರಿನ ಜನರದ್ದು ಅಂತ ನೋಡೋಣ ಬಾ" ಎಂದು ನಕ್ಷೆ ತೆಗೆಯಿರಿ.

ಮೊದಲ ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಏನಾಯಿತು?

1621ರ ಶರತ್ಕಾಲ. ಮೊದಲ ಚಳಿಗಾಲದಲ್ಲಿ ಮೇಫ್ಲವರ್‌ನ ಅರ್ಧದಷ್ಟು ಜನ ಸತ್ತುಹೋಗಿದ್ದರು. ಉಳಿದವರು ಸುಮಾರು 50. ಅವರಲ್ಲಿ ದೊಡ್ಡ ಹೆಂಗಸರು ನಾಲ್ವರೇ. ಬೆಳೆ ಕೈಗೆ ಬಂತು. ಊಟ, ಬಂದೂಕಿನ ಅಭ್ಯಾಸ ನಡೆಯಿತು. ವಾಂಪನೋಗ್ ಮುಖಂಡ ಉಸಮೆಕ್ವಿನ್ ಸುಮಾರು 90 ಗಂಡಸರ ಜೊತೆ ಬಂದರು. ಮ್ಯಾಸಸೋಯಿಟ್ ಎಂದು ಪುಸ್ತಕಗಳು ಕರೆಯುವುದು ಇವರನ್ನೇ. ಅವರ ಕಡೆಯವರು ಐದು ಜಿಂಕೆ ಬೇಟೆಯಾಡಿ ತಂದರು. ಮೂರು ದಿನ ಜೊತೆಗಿದ್ದರು. ವಿನ್ಸ್ಲೋ ಒಂದು ಪತ್ರದಲ್ಲಿ ಬರೆದ ಕೆಲವೇ ಸಾಲುಗಳಿಂದ ನಮಗೆ ಇದು ತಿಳಿದಿದೆ. ಆ ವರ್ಷ ಮಾರ್ಚ್‌ನಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಬೆಂಬಲವಾಗಿ ನಿಲ್ಲುವ ಒಪ್ಪಂದ ಮಾಡಿಕೊಂಡಿದ್ದರು. ರೋಗದಿಂದ ಜನ ಕಳೆದುಕೊಂಡಿದ್ದ ವಾಂಪನೋಗರಿಗೆ ಪಕ್ಕದ ನ್ಯಾರಗ್ಯಾನ್ಸೆಟ್ ಜನರ ಭಯವಿತ್ತು. ಇದು ಎರಡು ಕಡೆಯ ಲೆಕ್ಕಾಚಾರವಿದ್ದ ಸ್ನೇಹ. ಮಕ್ಕಳಿಗೆ ಹಾಗೇ ಹೇಳಬಹುದು.

ಅದನ್ನು ಆಗ ಯಾರೂ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಕರೆಯಲಿಲ್ಲ. ವಿನ್ಸ್ಲೋ ಪತ್ರವನ್ನು 1841ರಲ್ಲಿ ಮತ್ತೆ ಅಚ್ಚು ಹಾಕಿದಾಗ ಅಲೆಕ್ಸಾಂಡರ್ ಯಂಗ್ ಎಂಬ ಪಾದ್ರಿ ಅಡಿಟಿಪ್ಪಣಿಯಲ್ಲಿ ಹಾಗೆ ಬರೆದರು. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ರಾಷ್ಟ್ರೀಯ ಹಬ್ಬ ಬೇಕೆಂದು ಒತ್ತಾಯಿಸಿದರು. ಅಂತರ್ಯುದ್ಧದ ನಡುವೆ, 1863ರಲ್ಲಿ ಲಿಂಕನ್ ಅದನ್ನು ಘೋಷಿಸಿದರು. ಆ ಘೋಷಣೆಯಲ್ಲಿ ಪಿಲ್ಗ್ರಿಮರ ಹೆಸರೇ ಇಲ್ಲ. ನವೆಂಬರ್‌ನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ನಮ್ಮದು ಸಸ್ಯಾಹಾರಿ ಮನೆ. ಟರ್ಕಿ ಕೋಳಿ ಇಲ್ಲದೆ ಈ ಹಬ್ಬದ ಬಗ್ಗೆ ಹೇಗೆ ಕಲಿಸುವುದು?

ತುಂಬ ಸುಲಭ. ವಾಂಪನೋಗರ ಹೊಲದ ಮುಖ್ಯ ಬೆಳೆಗಳು ಮುಸುಕಿನ ಜೋಳ, ಬೀನ್ಸ್, ಕುಂಬಳ. ಮೂವರು ಅಕ್ಕತಂಗಿಯರು ಎಂದು ಕರೆಯುತ್ತಾರೆ. ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆ. ಬೀನ್ಸ್ ಬೇರು ಮಣ್ಣಿಗೆ ಸಾರ ಕೊಡುತ್ತದೆ. ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಉಳಿಸುತ್ತದೆ, ಕಳೆ ತಡೆಯುತ್ತದೆ. ಅಕ್ಕಡಿ ಬೇಸಾಯ ನೋಡಿದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಈ ಪಾಠ ಅವರಿಗೇ ಬಿಡಿ. ಜೋಳ, ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಹಾಕುವುದನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ.

ಅಡುಗೆ ಮಾಡಿಸಬೇಕೆಂದರೆ ನಸಾಂಪ್ ಎಂಬ ಗಂಜಿ ಇದೆ. ಮುಸುಕಿನ ಜೋಳದ ತರಿಯನ್ನು ನೀರಲ್ಲಿ ಮೆತ್ತಗೆ ಬೇಯಿಸಿ, ಹಣ್ಣು, ಒಡೆದ ಕಾಯಿಬೀಜ, ಸ್ವಲ್ಪ ಸಿಹಿ ಸೇರಿಸುತ್ತಾರೆ. ಈಗಿನ ಹಬ್ಬದೂಟದ ಆಲೂಗಡ್ಡೆ, ಕುಂಬಳದ ಪೈ 1621ರಲ್ಲಿ ಇರಲಿಲ್ಲ. ಪೈ ಮಾಡಲು ಗೋಧಿ ಹಿಟ್ಟು, ಬೆಣ್ಣೆ, ಒಲೆಗೂಡು ಯಾವುದೂ ಇರಲಿಲ್ಲ.

ಟಿಸ್ಕ್ವಾಂಟಮ್ ಅಥವಾ ಸ್ಕ್ವಾಂಟೊ ಅಂದರೆ "ಸಹಾಯ ಮಾಡಿದ ಒಳ್ಳೆಯ ಮನುಷ್ಯ" ಅಂತ ಮಾತ್ರ ಪುಸ್ತಕದಲ್ಲಿದೆ. ಅಷ್ಟೇನಾ?

ಅಷ್ಟೇ ಅಲ್ಲ, ಮತ್ತು ಈ ಮನುಷ್ಯನಿಗೆ ಅದು ಅನ್ಯಾಯ. ಆತ ಪಟಕ್ಸೆಟ್ ಹಳ್ಳಿಯವನು. 1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಆತನನ್ನೂ ಇತರ ಇಪ್ಪತ್ತಕ್ಕೂ ಹೆಚ್ಚು ಜನರನ್ನೂ ಮೋಸದಿಂದ ಹಡಗಿಗೆ ಹತ್ತಿಸಿ, ಸ್ಪೇನಿನ ಮಾಲಗಾದಲ್ಲಿ ಗುಲಾಮರಾಗಿ ಮಾರಲು ಒಯ್ದ. ಟಿಸ್ಕ್ವಾಂಟಮ್ ಹೇಗೋ ಲಂಡನ್ ಸೇರಿದ. ಇಂಗ್ಲಿಷ್ ಕಲಿತ. 1619ರಲ್ಲಿ ಊರಿಗೆ ಮರಳಿದ. ಊರೇ ಇರಲಿಲ್ಲ. ಮನೆಯವರು, ಪರಿಚಯದವರು ಎಲ್ಲ ರೋಗಕ್ಕೆ ಸತ್ತಿದ್ದರು. ಮುಂದಿನ ವರ್ಷ ಅದೇ ಜಾಗದಲ್ಲಿ ಅಪರಿಚಿತರು ಮನೆ ಕಟ್ಟಿದರು. ಅವರಿಗೆ ಜೋಳದ ಬೀಜದ ಜೊತೆ ಮೀನು ಹೂತು ಗೊಬ್ಬರ ಮಾಡುವುದನ್ನು ಕಲಿಸಿದ, ದುಭಾಷಿಯಾದ. 1622ರಲ್ಲಿ ಸತ್ತ.

ಆರು ವರ್ಷದ ಮಗುವಿಗೆ "ಅವನನ್ನು ಬಲವಂತವಾಗಿ ದೂರ ಕರೆದುಕೊಂಡು ಹೋಗಿದ್ದರು, ವಾಪಸ್ ಬಂದಾಗ ಅವನ ಮನೆಯವರು ಯಾರೂ ಇರಲಿಲ್ಲ" ಎಂದರೆ ಸಾಕು. ಮಕ್ಕಳು ಅಳಬಹುದು. ಅಳಲಿ. ಅವನಿಗಾಗಿ ಯಾರಾದರೂ ಅಳಬೇಕಿತ್ತು ಎಂದೇ ನನಗನ್ನಿಸುತ್ತದೆ.

ಪೊಕಾಹಾಂಟಸ್ ಕಾರ್ಟೂನ್ ನೋಡಿದ್ದಾಳೆ ಮಗಳು. ನಿಜ ಹೇಳಬೇಕಾ?

ಹೇಳಿ. ಪೊಕಾಹಾಂಟಸ್ ಜೇಮ್ಸ್‌ಟೌನ್ ಸುತ್ತಲಿನ ಪೊವಾಟನ್ ಜನರ ಮುಖಂಡನ ಮಗಳು. 1607ರಲ್ಲಿ ಅವಳಿಗೆ ಹತ್ತೋ ಹನ್ನೊಂದೋ ವರ್ಷ. ಜೇಮ್ಸ್‌ಟೌನ್‌ನ ವಲಸಿಗ ಜಾನ್ ಸ್ಮಿತ್ ಆಗ ಸುಮಾರು 27ರ ಗಂಡಸು. ಪ್ರೇಮಕಥೆ ಅಲ್ಲಿಗೇ ಮುಗಿಯಿತು. ಅವಳು ತನ್ನ ಪ್ರಾಣ ಉಳಿಸಿದಳು ಎಂಬ ಕಥೆ ಸ್ಮಿತ್ 1608ರ ಬರಹದಲ್ಲಿ ಇಲ್ಲ. 1624ರಲ್ಲಿ, ಅವಳು ಸತ್ತ ಮೇಲೆ ವಿಸ್ತಾರವಾಗಿ ಬರೆದ. 1613ರಲ್ಲಿ ಇಂಗ್ಲಿಷರು ಅವಳನ್ನು ಅಪಹರಿಸಿ ಒತ್ತೆ ಇಟ್ಟುಕೊಂಡರು. ಕ್ರೈಸ್ತಳಾಗಿ ರೆಬೆಕಾ ಎಂಬ ಹೆಸರು ಪಡೆದಳು. 1614ರಲ್ಲಿ ಜಾನ್ ರಾಲ್ಫ್ ಜೊತೆ ಮದುವೆಯಾಯಿತು, ಮಗ ಹುಟ್ಟಿದ. 1616ರಲ್ಲಿ ಲಂಡನ್‌ಗೆ ಹೋದಳು. ಮರುವರ್ಷ ಊರಿಗೆ ಹೊರಟವಳು ಥೇಮ್ಸ್ ನದಿಯ ದಡದ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. ಇಪ್ಪತ್ತರ ಆಸುಪಾಸು ಅಷ್ಟೇ. ಇಷ್ಟು ತಿಳಿದ ಹುಡುಗಿ ಮತ್ತೆ ಕಾರ್ಟೂನ್ ನೋಡಲಿ, ಪರವಾಗಿಲ್ಲ. ಹಾಡು ಚೆನ್ನಾಗಿದ್ದರೆ ಹಾಡಲಿ.

ಗುಲಾಮಗಿರಿ, ಯುದ್ಧ ಇವನ್ನೆಲ್ಲ ಯಾವ ವಯಸ್ಸಿಗೆ ಹೇಳಬೇಕು?

ಏಳು ವರ್ಷದ ಒಳಗೆ ನ್ಯಾಯ, ಅನ್ಯಾಯದ ಮಟ್ಟದಲ್ಲಿ ಮಾತಾಡಿ. "ಕೇಳದೆ ತೆಗೆದುಕೊಂಡರು", "ಬಲವಂತವಾಗಿ ಕರೆತಂದರು" ಎಂಬಷ್ಟು ಸಾಕು. ಎಂಟರಿಂದ ಹತ್ತು ವರ್ಷದವರಿಗೆ ಹೆಸರು, ಇಸವಿ ಕೊಡಿ. 1619ರ ಆಗಸ್ಟ್‌ನಲ್ಲಿ ವೈಟ್ ಲಯನ್ ಎಂಬ ಹಡಗು ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ತಂದಿತು. ಅವರನ್ನು ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಜೇಮ್ಸ್‌ಟೌನ್‌ನಲ್ಲಿ ಮೊದಲ ಚುನಾಯಿತ ಸಭೆ ಸೇರಿತ್ತು. ಎರಡನ್ನೂ ಒಟ್ಟಿಗೇ ಹೇಳಿ.

ಹನ್ನೊಂದು ದಾಟಿದವರಿಗೆ ಮುಂದಿನ ಪೀಳಿಗೆಯ ಕಥೆ ಹೇಳಬಹುದು. ಉಸಮೆಕ್ವಿನ್ ಮಾಡಿದ ಒಪ್ಪಂದ ಹೆಚ್ಚು ಕಡಿಮೆ ಐವತ್ತು ವರ್ಷ ಬಾಳಿತು. ಅಷ್ಟರಲ್ಲಿ ವಲಸಿಗರ ಸಂಖ್ಯೆ ಏರಿ, ನೆಲ ಕೈತಪ್ಪಿ, 1675ರಲ್ಲಿ ಅವರ ಮಗ ಮೆಟಾಕಾಮ್ ಯುದ್ಧಕ್ಕೆ ಇಳಿದರು. 1676ರಲ್ಲಿ ಅವರನ್ನು ಕೊಂದು ತಲೆಯನ್ನು ಪ್ಲಿಮತ್‌ನಲ್ಲೇ ಕಂಬಕ್ಕೆ ಏರಿಸಿದರು. ಅಪ್ಪ ಊಟಕ್ಕೆ ಕೂತ ಊರು ಅದು. ಹಬ್ಬದ ಕಥೆ ಇಲ್ಲಿಯವರೆಗೆ ಬರದಿದ್ದರೆ ಅದು ಪೂರ್ತಿ ಕಥೆಯಲ್ಲ.

ಇನ್ನೂ ಯಾವ ಸಂಕೇತಗಳನ್ನು ಮಕ್ಕಳ ಜೊತೆ ನೋಡಬಹುದು?

ನನಗೆ ಬಹಳ ಮುಖ್ಯ ಅನ್ನಿಸುವುದು ಮುದ್ರೆ. 1629ರ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಮುದ್ರೆಯಲ್ಲಿ ಒಬ್ಬ ಮೂಲನಿವಾಸಿಯ ಚಿತ್ರವಿದೆ. ಅವನ ಬಾಯಿಂದ "ಬನ್ನಿ, ನಮಗೆ ಸಹಾಯ ಮಾಡಿ" ಎಂಬ ಬೈಬಲ್ ಮಾತು ಹೊರಡುತ್ತದೆ. ಮುದ್ರೆ ಮಾಡಿದವರು ಯಾರು, ಆ ಮಾತು ಯಾರ ಬಾಯಲ್ಲಿ ಇಟ್ಟರು ಎಂದು ಮಗುವೇ ಕಂಡುಹಿಡಿಯಲಿ. ಈಚಿನ ಕಾಲದ ರಾಜ್ಯ ಮುದ್ರೆಯಲ್ಲೂ ಮೂಲನಿವಾಸಿಯ ಚಿತ್ರ ಉಳಿಯಿತು, ಅವನ ತಲೆಯ ಮೇಲೆ ಕತ್ತಿ ಹಿಡಿದ ಕೈ ಬಂತು. ಅದನ್ನು ಮರುಪರಿಶೀಲಿಸುವ ಆಯೋಗಕ್ಕೆ 2021ರಲ್ಲಿ ಕಾನೂನು ಆಯಿತು.

"ನಾವೂ ಇಂಡಿಯನ್, ಅವರೂ ಇಂಡಿಯನ್ನಾ?" ಅಂತ ಮಗ ಕೇಳಿದ.

ಕೊಲಂಬಸ್ 1492ರಲ್ಲಿ ಏಷ್ಯಾ ಕಡೆಯ ದ್ವೀಪಗಳಿಗೆ ಬಂದೆ ಅಂದುಕೊಂಡ, ಆ ಹೆಸರು ಅಂಟಿಕೊಂಡಿತು ಎಂದು ಹೇಳಿ. ಆದಷ್ಟು ಆಯಾ ಜನಾಂಗದ ಹೆಸರನ್ನೇ ಕಲಿಸಿ: ವಾಂಪನೋಗ್, ಪೊವಾಟನ್, ಲೆನಾಪೆ.

ಈ ಕಥೆಗೂ ನಮ್ಮ ಕಡೆಗೂ ಏನಾದರೂ ನಂಟಿದೆಯಾ?

ಇದೆ. ಜೇಮ್ಸ್‌ಟೌನ್ ನಡೆಸುತ್ತಿದ್ದ ವರ್ಜೀನಿಯಾ ಕಂಪನಿಯ ಮುಖ್ಯಸ್ಥ ಸರ್ ಥಾಮಸ್ ಸ್ಮೈತ್. 1600ರಲ್ಲಿ ಶುರುವಾದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ ಇವರೇ. ಲಂಡನ್‌ನ ಅದೇ ವ್ಯಾಪಾರಿಗಳ ದುಡ್ಡು ಎರಡೂ ದಿಕ್ಕಿಗೆ ಹಡಗು ಕಳಿಸಿತು. 1635ರ ವರ್ಜೀನಿಯಾ ದಾಖಲೆಯೊಂದರಲ್ಲಿ ಟೋನಿ ಎಂಬ "ಈಸ್ಟ್ ಇಂಡಿಯನ್" ಹೆಸರೂ ಸಿಗುತ್ತದೆ. ಇನ್ನು ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ ಎಲ್ಲ ಅಮೆರಿಕದ ಮೂಲನಿವಾಸಿಗಳು ಬೆಳೆಸಿದ ಬೆಳೆಗಳು. ನಮ್ಮ ಅಡುಗೆಮನೆಗೆ ಬಂದದ್ದು ಆಮೇಲೆ.

ಇಸವಿ ನೆನಪಿಡಿಸಲು ಗೋಡೆಗೆ ಎರಡು ಸಾಲಿನ ಪಟ್ಟಿ ಅಂಟಿಸಿ. ಸೇಂಟ್ ಆಗಸ್ಟೀನ್ ಹುಟ್ಟಿದ 1565ರಲ್ಲೇ ತಾಳಿಕೋಟೆ ಯುದ್ಧ ನಡೆದು ವಿಜಯನಗರ ಬಿತ್ತು. ಜೇಮ್ಸ್‌ಟೌನ್ ಹಸಿವಿನಿಂದ ನರಳಿದ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಮಕ್ಕಳಿಗೆ ಇಸವಿಗಳು ಹೀಗೆ ಅಂಟಿಕೊಳ್ಳುತ್ತವೆ.

ಪೌರತ್ವ ಪರೀಕ್ಷೆಗೂ ಇದು ಉಪಯೋಗಕ್ಕೆ ಬರುತ್ತದಾ?

ಬರುತ್ತದೆ. ವಲಸಿಗರು ಅಮೆರಿಕಕ್ಕೆ ಏಕೆ ಬಂದರು, ಯುರೋಪಿನವರಿಗಿಂತ ಮೊದಲು ಅಲ್ಲಿ ಯಾರಿದ್ದರು, ಯಾರನ್ನು ಗುಲಾಮರಾಗಿ ತಂದು ಮಾರಿದರು ಎಂಬ ಪ್ರಶ್ನೆಗಳು ಅದರಲ್ಲಿವೆ. ಮಕ್ಕಳ ಜೊತೆಗೇ ಓದಿಕೊಳ್ಳಿ.

ಹಾಗಾದರೆ ಥ್ಯಾಂಕ್ಸ್‌ಗಿವಿಂಗ್ ಮಾಡಬಾರದಾ?

ಮಾಡಿ. ಎಲ್ಲರೂ ಸೇರಿ ಉಣ್ಣುವುದು, ಕೃತಜ್ಞತೆ ಹೇಳುವುದು ಒಳ್ಳೆಯದೇ. ಅದೇ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಮೂಲನಿವಾಸಿಗಳು 1970ರಿಂದ ರಾಷ್ಟ್ರೀಯ ಶೋಕದಿನ ಆಚರಿಸುತ್ತಾರೆ. ಅದನ್ನು ಶುರು ಮಾಡಿದವರು ವಾಮ್ಸುಟ ಫ್ರ್ಯಾಂಕ್ ಜೇಮ್ಸ್ ಎಂಬ ವಾಂಪನೋಗ್ ಮುಖಂಡರು. ಮೇಫ್ಲವರ್‌ನ 350ನೇ ವರ್ಷದ ಸಮಾರಂಭಕ್ಕೆ ಭಾಷಣ ಮಾಡಲು ಕರೆದು, ಬರೆದುಕೊಂಡು ಬಂದದ್ದನ್ನು ಓದಲು ಬಿಡಲಿಲ್ಲ. ನಿಮ್ಮ ಮೇಜಿನ ಮೇಲೆ ಊಟ ಬಡಿಸುವ ಮುಂಚೆ ಅವರ ಬಗ್ಗೆ ಎರಡು ಮಾತು ಹೇಳಿ. ನೀವಿರುವ ಊರು ಯಾವ ಜನರ ನೆಲ ಎಂದು ಮಕ್ಕಳಿಂದ ಹುಡುಕಿಸಿ ಹೇಳಿಸಿ.

ವಾಂಪನೋಗ್ ಜನ ಈಗಲೂ ಇದ್ದಾರಾ?

ಇದ್ದಾರೆ. ಮ್ಯಾಸಚೂಸೆಟ್ಸ್‌ನ ಮ್ಯಾಶ್ಪಿ ಮತ್ತು ಅಕ್ವಿನ ಊರುಗಳ ವಾಂಪನೋಗರಿಗೆ ಸರ್ಕಾರದ ಮಾನ್ಯತೆಯೂ ಇದೆ. ಪಾಠದ ಪುಸ್ತಕದಲ್ಲಿ ಅವರು ಭೂತಕಾಲದಲ್ಲೇ ನಿಂತುಬಿಡುತ್ತಾರೆ. ಅದು ಮಕ್ಕಳ ಮನಸ್ಸಿನಲ್ಲಿ ದೊಡ್ಡ ತಪ್ಪು ಬಿತ್ತುತ್ತದೆ.

ಅವರ ಭಾಷೆಯ ಕಥೆಯನ್ನು ಕನ್ನಡ ಕಲಿಯುವ ಮಕ್ಕಳಿಗೆ ತಪ್ಪದೆ ಹೇಳಿ. ನೂರು ವರ್ಷಕ್ಕೂ ಮೇಲೆ ಆ ಭಾಷೆ ಆಡುವವರು ಯಾರೂ ಇರಲಿಲ್ಲ. ಆದರೆ ಬರಹ ಉಳಿದಿತ್ತು. 1663ರಲ್ಲಿ ಜಾನ್ ಎಲಿಯಟ್ ಎಂಬ ಪಾದ್ರಿ ಮೂಲನಿವಾಸಿಗಳ ನೆರವಿನಿಂದ ಬೈಬಲನ್ನು ಆ ಭಾಷೆಯಲ್ಲಿ ಅಚ್ಚು ಹಾಕಿಸಿದ್ದರು. ಅಮೆರಿಕದಲ್ಲಿ ಅಚ್ಚಾದ ಮೊದಲ ಬೈಬಲ್ ಅದೇ. ವಾಂಪನೋಗರು ತಾವೇ ಬರೆದ ಪತ್ರಗಳು, ಜಮೀನಿನ ಕಾಗದಗಳೂ ಇದ್ದವು. 1993ರಲ್ಲಿ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮ್ಯಾಶ್ಪಿಯ ಮಹಿಳೆ ಈ ಕಾಗದಗಳಿಂದ ಭಾಷೆಯನ್ನು ಮತ್ತೆ ಕಟ್ಟುವ ಕೆಲಸ ಶುರು ಮಾಡಿದರು, ಅದಕ್ಕಾಗಿ ಭಾಷಾಶಾಸ್ತ್ರ ಓದಿದರು. ಈಗ ಅಲ್ಲಿ ಮಕ್ಕಳು ಆ ಭಾಷೆ ಕಲಿಯುತ್ತಿದ್ದಾರೆ. ಧರ್ಮ ಬದಲಿಸಲೆಂದು ಅಚ್ಚು ಹಾಕಿದ ಪುಸ್ತಕವೇ ಭಾಷೆ ಉಳಿಸಲು ನೆರವಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಬಾಸ್ಟನ್ ಕಡೆ ಇದ್ದರೆ ಪ್ಲಿಮತ್‌ನ ಪ್ಲಿಮತ್ ಪಟಕ್ಸೆಟ್ ಮ್ಯೂಸಿಯಂ. ಹೆಸರಿಗೆ ಪಟಕ್ಸೆಟ್ ಸೇರಿದ್ದು 2020ರಲ್ಲಿ. ಅಲ್ಲಿನ ಇಂಗ್ಲಿಷ್ ಹಳ್ಳಿಯಲ್ಲಿರುವವರು 17ನೇ ಶತಮಾನದವರಂತೆ ನಟಿಸಿ ಮಾತಾಡುತ್ತಾರೆ. ಮೂಲನಿವಾಸಿಗಳ ಮನೆಯ ಭಾಗದಲ್ಲಿರುವವರು ನಟಿಸುವುದಿಲ್ಲ. ಅವರು ಈ ಕಾಲದ ಮೂಲನಿವಾಸಿಗಳು, ಈ ಕಾಲದ ಮಾತನ್ನೇ ಆಡುತ್ತಾರೆ. ಈ ವ್ಯತ್ಯಾಸ ಮಕ್ಕಳಿಗೆ ಮೊದಲೇ ಹೇಳಿಡಿ. ಅವರ ಬಟ್ಟೆಯನ್ನು ವೇಷ ಎನ್ನಬಾರದು, ಕೇಳದೆ ಫೋಟೊ ತೆಗೆಯಬಾರದು ಎಂದೂ ಹೇಳಿ. ಹತ್ತಿರದಲ್ಲೇ ಮೇಫ್ಲವರ್ 2 ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ ಕಟ್ಟಿ 1957ರಲ್ಲಿ ಸಮುದ್ರ ದಾಟಿಸಿ ತಂದ ಹಡಗು. ಹೊರಡುವ ಮುಂಚೆ ಅದು ತೆರೆದಿದೆಯಾ ನೋಡಿಕೊಳ್ಳಿ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮ್ಯಾಶ್ಪಿಯಲ್ಲಿ ವಾಂಪನೋಗರೇ ನಡೆಸುವ ಚಿಕ್ಕ ಮ್ಯೂಸಿಯಂ ಇದೆ. ಒಂದೇ ದಿನ ಇದ್ದರೂ ಅದನ್ನು ಬಿಡಬೇಡಿ.

ವರ್ಜೀನಿಯಾದವರು ಜೇಮ್ಸ್‌ಟೌನ್‌ಗೆ ಹೋಗಿ. ಅಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ. ಒಂದು ಹೊಸದಾಗಿ ಕಟ್ಟಿದ ಮಾದರಿ ಕೋಟೆ, ಹಡಗುಗಳು. ಇನ್ನೊಂದು ನಿಜವಾದ ಅಗೆತದ ಜಾಗ. ಚಿಕ್ಕ ಮಕ್ಕಳಿಗೆ ಮೊದಲನೆಯದು ಇಷ್ಟವಾಗುತ್ತದೆ, ದೊಡ್ಡವರಿಗೆ ಎರಡನೆಯದು. ಟಿಕೆಟ್ ಬೇರೆ ಬೇರೆ, ಬುಕ್ ಮಾಡುವಾಗ ನೋಡಿಕೊಳ್ಳಿ. ವಾಷಿಂಗ್ಟನ್ನಿನ ಅಮೆರಿಕನ್ ಇಂಡಿಯನ್ ರಾಷ್ಟ್ರೀಯ ಮ್ಯೂಸಿಯಂಗೆ ಪ್ರವೇಶ ಉಚಿತ. ಅಲ್ಲಿನ ಕ್ಯಾಂಟೀನಿನಲ್ಲಿ ಮೂಲನಿವಾಸಿಗಳ ಅಡುಗೆ ಸಿಗುತ್ತದೆ. ಊಟದ ಹೊತ್ತಿಗೆ ಅಲ್ಲಿರುವಂತೆ ಹೋಗಿ.